ಮುರಕಲ್ಲಿನ ಮೇಲೆ ಸಮುದ್ರ: ಕಡಿಮೆ ದುಡ್ಡಲ್ಲಿ 5 ಅಡಿಯ ರೀಫ್ ಟ್ಯಾಂಕ್ ಕಟ್ಟಿದ್ದು

ಮನೆಗೆ ಬಂದವ್ರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡ್ಲೆ ನಮ್ಮ ರೀಫ್ ಟ್ಯಾಂಕ್, ಅಂದ್ರೆ ಉಪ್ಪು ನೀರಲ್ಲಿ ಜೀವಂತ ಹವಳ, ಮೀನು ಸಾಕುವ ಗಾಜಿನ ತೊಟ್ಟಿ ನೋಡಿ ಕೇಳುದು ಒಂದೇ, ಇದಕ್ಕೆ ಎಷ್ಟು ಬಿತ್ತು ಅಂತ. ಹಾಗಾಗಿ ಮೊದ್ಲು ಅದನ್ನೇ ಹೇಳಿ ಬಿಡ್ತೇನೆ. ಸುಮಾರು 73,000 ರೂಪಾಯಿ, ಅದೂ ಒಟ್ಟಿಗೆ ಅಲ್ಲ, ಎರಡೂವರೆ ವರ್ಷದಲ್ಲಿ, ಚೂರು ಚೂರು. 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್, 560 ಲೀಟರ್ ಹತ್ರ ಹಿಡಿಯುತ್ತೆ. ರೆಡಿಮೇಡ್ ಸೆಟ್ ತಗೊಳ್ಲಿಕ್ಕೆ ಹೋದ್ರೆ ಇದ್ರ ಎಷ್ಟೋ ಪಟ್ಟು ಬೇಕು, ಕಾಲೇಜಿನ ಕೆಮಿಸ್ಟ್ರಿ ಲ್ಯಾಬಲ್ಲಿ ಅಸಿಸ್ಟೆಂಟ್ ಆಗಿರುವ ನನಗೆ ಅದು ಆಗುವ ಮಾತಲ್ಲ. ಆದ್ರೆ ನನ್ನತ್ರ ಎರಡು ವಿಷಯ ಇತ್ತು. ಒಂದು, ಮನೆಯಿಂದ ಸೈಕಲ್ಲಲ್ಲಿ ಹೋದ್ರೆ ಹತ್ತು ನಿಮಿಷಕ್ಕೆ ಸಮುದ್ರ. ಇನ್ನೊಂದು, ಕಾಯ್ಲಿಕ್ಕೆ ನಾನು ರೆಡಿ ಇದ್ದೆ.

ಶುರುವಾದದ್ದು ನೇತ್ರಾಣಿ ದ್ವೀಪದಿಂದ. ಮುರುಡೇಶ್ವರದಿಂದ ಬೋಟಲ್ಲಿ ಸುಮಾರು 19 ಕಿಲೋಮೀಟರ್. ಫ್ರೆಂಡ್ಸ್ ಒಟ್ಟಿಗೆ ಹೋಗಿ ಮೊದ್ಲ ಸಲ ನೀರಿನ ಕೆಳಗೆ ಮುಖ ಹಾಕಿ ನೋಡಿದಾಗ ನನಗೆ ಮಾತೇ ಬರ್ಲಿಲ್ಲ. ನಾವು ಕರಾವಳಿಯವ್ರು, ಮೀನು ನೋಡದವ್ರೇನಲ್ಲ, ಆದ್ರೆ ನಾವು ನೋಡುವ ಸಮುದ್ರ ದಡದ ಕಂದು ನೀರು, ಬುಟ್ಟಿಯಲ್ಲಿರುವ ಬಂಗುಡೆ, ಅಷ್ಟೇ. ಹವಳಕ್ಕೆ ತಿಳಿ ನೀರು ಬೇಕು, ಉಪ್ಪು ಒಂದೇ ಸಮ ಇರ್ಬೇಕು, ನಮ್ಮ ದಡದುದ್ದಕ್ಕೂ ಮಳೆಗಾಲದಲ್ಲಿ ಹೊಳೆಗಳು ಸಿಹಿ ನೀರು ಕೆಸರು ಎರಡನ್ನೂ ತಂದು ಸುರಿತವೆ, ಹಾಗಾಗಿ ದೂರದ ದ್ವೀಪದ ಹತ್ರ ಹೋದ್ರೆ ಮಾತ್ರ ಆ ಲೋಕ ಕಾಣುದು. ವಾಪಸ್ ಬಂದು ಅಮ್ಮನಿಗೆ ಹೇಳಿದೆ, ಕೈ ಆಡಿಸಿ ಆಡಿಸಿ ಹೇಳಿದೆ, ಅಮ್ಮ ಕೇಳಿ ಸುಮ್ನೆ "ಹೌದಾ" ಅಂದ್ರು. ಅರುವತ್ತೆಂಟು ವರ್ಷ ಸಮುದ್ರದ ಸದ್ದು ಕೇಳ್ತಾ ಮಲಗಿದವ್ರಿಗೆ ಅದ್ರ ಒಳಗೆ ಎಂತ ಉಂಟು ಅಂತ ತೋರಿಸ್ಬೇಕು ಅಂತ ಆವಾಗ್ಲೇ ಮನಸ್ಸಲ್ಲಿ ಕೂತದ್ದು.

ಮೊದ್ಲು ಕಾನೂನಿನ ವಿಷಯ ಹೇಳ್ತೇನೆ, ಯಾಕಂದ್ರೆ ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಲ್ಲಿ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ ಒಂದಕ್ಕೆ ಸೇರಿದವು, ಅಂದ್ರೆ ಹುಲಿ ಇರುವ ಪಟ್ಟಿಯಲ್ಲೇ. ಫೈರ್ ಕೋರಲ್, ಸೀ ಫ್ಯಾನ್, ಕಪ್ಪು ಹವಳ, ಸಮುದ್ರ ಕುದುರೆ, ಇವೆಲ್ಲಕ್ಕೂ ರಕ್ಷಣೆ ಉಂಟು. ಸಮುದ್ರದಿಂದ ಹವಳದ ಕಲ್ಲು ಎತ್ತಿ ತರುವುದು ಅಪರಾಧ. ಬಂದರಿನಲ್ಲಿ ಒಬ್ರು ಬಲೆಗೆ ಸಿಕ್ಕಿದ ಹವಳದ ತುಂಡು ಕೊಡ್ತೇನೆ ಅಂತ ಪ್ರೀತಿಯಿಂದಲೇ ಕೊಡ್ಲಿಕ್ಕೆ ಬಂದ್ರು, ಕೈ ಮುಗಿದು ಬೇಡ ಅಂದೆ. ಬರೀ ಕಾನೂನಿನ ಹೆದರಿಕೆಯಿಂದ ಅಲ್ಲ. ಅಷ್ಟು ಚಂದದ್ದನ್ನು ಮನೆಯಲ್ಲಿ ನೋಡ್ಬೇಕು ಅಂತ ಅಲ್ಲಿಂದಲೇ ಕಿತ್ತು ತಂದ್ರೆ ನಾನು ನೇತ್ರಾಣಿಯಲ್ಲಿ ನೋಡಿದ್ದಕ್ಕೆ ಏನು ಅರ್ಥ? ಹಾಗಾಗಿ ಶುರುವಿಂದಲೇ ತೀರ್ಮಾನ ಮಾಡಿದ್ದೆ: ಮೆತ್ತಗಿನ ಹವಳ ಮಾತ್ರ, ಅದೂ ಬೇರೆ ಹವ್ಯಾಸಿಗಳ ಟ್ಯಾಂಕಲ್ಲಿ ಬೆಳೆದು ಕತ್ತರಿಸಿ ಕೊಟ್ಟ ತುಂಡುಗಳು, ಮೀನು ಆದ್ರೆ ಹ್ಯಾಚರಿಯಲ್ಲಿ ಹುಟ್ಟಿದ್ದು.

ಇನ್ನು ಸ್ಟ್ಯಾಂಡ್. ನೀರು, 12 ಎಂಎಂ ಗಾಜು, ಕಲ್ಲು ಎಲ್ಲ ಸೇರಿ 700 ಕೆಜಿ ದಾಟುತ್ತೆ. ಮೇಲಂತಸ್ತಿನಲ್ಲಿ ಬಾಡಿಗೆಗಿರುವವ್ರು ದಯವಿಟ್ಟು ಇಂಜಿನಿಯರ್ ಹತ್ರ ಕೇಳದೆ ಇಷ್ಟು ದೊಡ್ಡದು ಇಡ್ಬೇಡಿ. ನಮ್ಮದು ಹಳೇ ಹಂಚಿನ ಮನೆ, ನೆಲ ಗಟ್ಟಿ. ಕಬ್ಬಿಣದ ಸ್ಟ್ಯಾಂಡ್ ಮಾಡಿಸುವ ಅಂತ ಕೇಳಿದ್ರೆ 14,000 ಹೇಳಿದ್ರು, ಮತ್ತೆ ಉಪ್ಪು ನೀರಿಗೆ ಕಬ್ಬಿಣ ಎಷ್ಟು ದಿನ ತಡೆಯುತ್ತೆ ಅಂತ ಇಲ್ಲಿಯವ್ರಿಗೆ ಹೇಳ್ಬೇಕಾ. ಆವಾಗ ಅಂಗಳದ ಮೂಲೆಯಲ್ಲಿ ಹಟ್ಟಿ ತೆಗೆದಾಗ ಉಳಿದ ಮುರಕಲ್ಲು, ಅಂದ್ರೆ ಜಂಬಿಟ್ಟಿಗೆ ಕಲ್ಲು, ಕಣ್ಣಿಗೆ ಬಿತ್ತು. ಎರಡೂ ತುದಿಯಲ್ಲಿ ಮುರಕಲ್ಲಿನ ಗೋಡೆ ಎರಡೂವರೆ ಅಡಿ ಎತ್ತರಕ್ಕೆ ಕಟ್ಟಿ, ಮೇಲೆ 4 ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಹಾಕಿದ್ದಾಯ್ತು, ಮೇಸ್ತ್ರಿ ಕೂಲಿ ಸಿಮೆಂಟ್ ಸರಳು ಎಲ್ಲ ಸೇರಿ 2,500. ಮುರಕಲ್ಲಿಗೆ ಪೂರ್ತಿ ಗಾರೆ ಮಾಡಿ ಪೈಂಟ್ ಕೊಡಲೇಬೇಕು, ಇಲ್ಲದಿದ್ರೆ ಅದ್ರ ಕೆಂಪು ಹುಡಿ ಸ್ಲ್ಯಾಬಿನ ಅಡಿಯಲ್ಲಿ ಇಡುವ ಇನ್ನೊಂದು ಟ್ಯಾಂಕಿಗೆ ಉದುರುತ್ತೆ, ಅದ್ರಲ್ಲಿರುವ ಕಬ್ಬಿಣದ ಅಂಶ ಪಾಚಿಗೆ ಗೊಬ್ಬರ. ಸ್ಲ್ಯಾಬಿನ ಮೇಲೆ ಥರ್ಮಾಕೋಲ್ ಶೀಟ್, ಅದ್ರ ಮೇಲೆ ಟ್ಯಾಂಕ್. ಲೆವೆಲ್ ಟ್ಯೂಬ್ ಹಿಡಿದು ಮೂರು ಸಲ ನೋಡಿದ್ದೇನೆ.

ಗಾಜಿನಲ್ಲಿ ಮಾತ್ರ ಉಳಿಸ್ಲಿಕ್ಕೆ ಹೋಗ್ಬೇಡಿ. ಟ್ಯಾಂಕಿಗೆ 16,500 ಕೊಟ್ಟೆ, ಅಂಚು ಪಾಲಿಶ್ ಮಾಡಿ, ಹಿಂದಿನ ಗಾಜಿಗೆ ಓವರ್‌ಫ್ಲೋಗೆ ತೂತು ಕೊರೆದು ಕೊಟ್ರು. ತೂತು ಕೊರೆಯುವ ಗಾಜು ಟಫನ್ಡ್ ಆಗಿರ್ಬಾರ್ದು, ಕೊರೆಯುವಾಗ ಪುಡಿ ಪುಡಿ ಆಗುತ್ತೆ. ಮೇಲಿನ ನೀರು ಆ ತೂತಿಂದ ಇಳಿದು ಬಂದು ಪಂಪಲ್ಲಿ ವಾಪಸ್ ಮೇಲೆ ಹೋಗುವ ಕೆಳಗಿನ ಟ್ಯಾಂಕ್, ಅಂದ್ರೆ ಹವ್ಯಾಸಿಗಳು ಸಂಪ್ ಅಂತ ಹೇಳುವುದು, ಹಳೇ 3 ಅಡಿಯ ಮೀನಿನ ತೊಟ್ಟಿ, ಗುಜರಿಯ ಹತ್ರದ ರೇಟಿಗೆ 1,500ಕ್ಕೆ ಸಿಕ್ತು, ಒಳಗೆ ಗಾಜಿನ ಪಟ್ಟಿ ಅಂಟಿಸಿ ಮೂರು ಕೋಣೆ ಮಾಡಿದೆ. ಲೈಟು, ನೀರಿನ ಕೊಳೆಯನ್ನು ನೊರೆ ಮಾಡಿ ತೆಗೆಯುವ ಸ್ಕಿಮ್ಮರ್, ಎರಡೂ ಸೆಕೆಂಡ್ ಹ್ಯಾಂಡ್. ಹವ್ಯಾಸ ಬಿಡುವವ್ರು ತುಂಬಾ ಜನ ಇರ್ತಾರೆ, ಒಂದು ವರ್ಷ ಕಾದ್ರೆ ಅರ್ಧ ರೇಟಿಗೆ ಸಿಗುತ್ತೆ. ಪಂಪ್ ಮಾತ್ರ ಹೊಸದೇ ತಗೊಂಡೆ, ದಿನದ 24 ಗಂಟೆ ಓಡುವ ವಸ್ತು ಅದು.

ಈಗ ಕಲ್ಲು. ಇದು ನನಗೆ ತುಂಬಾ ಇಷ್ಟದ ಭಾಗ. ರೀಫ್ ಟ್ಯಾಂಕಲ್ಲಿ ಕಲ್ಲು ಅಂದ್ರೆ ಶೋಗೆ ಇಡುವುದಲ್ಲ, ಅದೇ ಫಿಲ್ಟರ್. ತೂತು ತೂತಾದ ಕಲ್ಲಿನ ಒಳಗೆ ಬ್ಯಾಕ್ಟೀರಿಯಾ ಕೂತು ಮೀನಿನ ಹೇಲು ಉಚ್ಚೆಯಿಂದ ಬರುವ ಅಮೋನಿಯಾವನ್ನು ಮೊದ್ಲು ನೈಟ್ರೈಟ್, ಮತ್ತೆ ನೈಟ್ರೇಟ್ ಮಾಡ್ತದೆ. 1960ರ ದಶಕದಲ್ಲೇ ಇಂಡೋನೇಷ್ಯಾದ ಲೀ ಚಿನ್ ಎಂಗ್ ಅನ್ನುವವ್ರು ದೊಡ್ಡ ಯಂತ್ರ ಏನೂ ಇಲ್ಲದೆ ಸಮುದ್ರದ ನೀರು, ಜೀವ ಇರುವ ಕಲ್ಲು, ಗಾಳಿ ಗುಳ್ಳೆ ಇಷ್ಟರಲ್ಲೇ ಹವಳ ಇಟ್ಟು ತೋರಿಸಿದ್ರು. ಅದನ್ನು ಓದಿದ ಮೇಲೆಯೇ ನನಗೂ ಆಗ್ಬಹುದು ಅಂತ ಧೈರ್ಯ ಬಂದದ್ದು. ಆದ್ರೆ ಕಲ್ಲನ್ನು ಸಮುದ್ರದಿಂದ ತರುವ ಹಾಗಿಲ್ಲ, ಅಂಗಡಿಯ ಡ್ರೈ ರಾಕ್ ಕೆಜಿ ಲೆಕ್ಕದಲ್ಲಿ ತಗೊಂಡ್ರೆ 40 ಕೆಜಿಗೆ ನನ್ನ ಒಂದು ತಿಂಗಳ ಸಂಬಳ ಹೋಗುತ್ತೆ.

ಹಾಗಾಗಿ ನಾವೇ ಮಾಡಿದ್ದು. ನಮ್ಮ ಮನೆಯಲ್ಲಿ ಮರುವಾಯಿ ಸುಕ್ಕ, ಅಂದ್ರೆ ಚಿಪ್ಪುಮೀನಿನ ಪಲ್ಯ, ಮಾಡಿದ ದಿನ ಚಿಪ್ಪು ಬಿಸಾಡದೆ ತೊಳೆದು ಒಣಗಿಸಿ ಇಡ್ಲಿಕ್ಕೆ ಶುರು ಮಾಡಿದೆ, ಪಕ್ಕದ ಎರಡು ಮನೆಯವ್ರಿಗೂ ಹೇಳಿದೆ, ಒಂದು ವರ್ಷದಲ್ಲಿ ಎರಡು ಗೋಣಿ ಆಯ್ತು. ಅದನ್ನು ಜಜ್ಜಿ ಮೂರು ಪಾಲು, ಸಿಮೆಂಟ್ ಒಂದು ಪಾಲು, ಕಲ್ಲುಪ್ಪು ಎರಡು ಪಾಲು, ಉಪ್ಪು ಕರಗದ ಹಾಗೆ ನೀರು ಆದಷ್ಟು ಕಡಿಮೆ. ಒದ್ದೆ ಹೊಯ್ಗೆಯ ಗುಂಡಿಯಲ್ಲಿ ಕೈಯಲ್ಲೇ ಉಂಡೆ, ಕಮಾನು, ಗುಹೆಯ ಹಾಗೆಲ್ಲ ಮಾಡಿ ಗಟ್ಟಿ ಆಗ್ಲಿಕ್ಕೆ ಬಿಡುದು. ಆಮೇಲೆ ನೀರಿಗೆ ಹಾಕಿದ್ರೆ ಉಪ್ಪು ಕರಗಿ ಹೋಗಿ ಆ ಜಾಗ ಎಲ್ಲ ತೂತು. ಕಷ್ಟ ಇರುವುದು ಸಿಮೆಂಟಿನ ಕ್ಷಾರ ತೆಗಿಲಿಕ್ಕೆ. ಹೊಸ ಸಿಮೆಂಟ್ ನೀರಲ್ಲಿ ಪಿಎಚ್ 12ರ ಹತ್ರ ಏರಿಸ್ತದೆ, ಸಮುದ್ರಕ್ಕೆ ಬೇಕಾದದ್ದು 8.2. ವಾರ ವಾರ ನೀರು ಬದಲಾಯಿಸ್ತಾ ಎರಡು ತಿಂಗಳು ನೆನೆಸ್ಬೇಕು ಅಂತಾರೆ. ನಾನು 2022ರ ಜೂನ್ ಮೊದ್ಲ ವಾರ ಎಲ್ಲ ಕಲ್ಲನ್ನೂ ಮಾಡಿನ ಅಂಚಿನ ಕೆಳಗೆ ಸಾಲಾಗಿ ಇಟ್ಟೆ. ಜೂನ್, ಜುಲೈ, ಆಗಸ್ಟ್, ಹಂಚಿನಿಂದ ಬಿದ್ದ ಮಳೆ ನೀರು ರಾತ್ರಿ ಹಗಲು ತೊಳಿತಾ ಇತ್ತು. ಮೊದ್ಲ ದಿನ ಕಲ್ಲಿನ ಕೆಳಗೆ ಹಾಲಿನ ಹಾಗೆ ಬಿಳಿ ನೀರು ಹರಿತಿತ್ತು. ಚೌತಿ ಹೊತ್ತಿಗೆ ಒಂದು ಕಲ್ಲನ್ನು ಬಕೆಟಲ್ಲಿ ಮೂರು ದಿನ ಮುಳುಗಿಸಿಟ್ಟು ಲ್ಯಾಬಿನ ಮೀಟರಲ್ಲಿ ನೋಡಿದೆ, 8.4. ಖರ್ಚು ಸಿಮೆಂಟಿನದ್ದು ಉಪ್ಪಿನದ್ದು ಬಿಟ್ರೆ ಇನ್ನೇನೂ ಇಲ್ಲ.

ನೀರು ಸಮುದ್ರದ್ದೇ. ದಡದ ನೀರು ಬೇಡ, ಅಲ್ಲಿ ಚರಂಡಿ, ಬಂದರಿನ ಎಣ್ಣೆ ಎಲ್ಲ ಉಂಟು. ನಾಡದೋಣಿಗೆ ಹೋಗುವ ಗೆಳೆಯ ಒಬ್ಬ ಇದ್ದಾನೆ, ಜನವರಿಯಲ್ಲಿ ನೀರು ತಿಳಿ ಇರುವ ಟೈಮಲ್ಲಿ, ದಡದಿಂದ ತುಂಬಾ ಹೊರಗೆ ಹೋದಾಗ 35 ಲೀಟರಿನ ಕ್ಯಾನುಗಳಲ್ಲಿ ತುಂಬಿಸಿ ತಂದು ಕೊಟ್ಟ, ಒಟ್ಟು ನಾಲ್ಕು ಟ್ರಿಪ್. ಮಳೆಗಾಲದಲ್ಲಿ ತಂದ್ರೆ ಪ್ರಯೋಜನ ಇಲ್ಲ, ಉಪ್ಪು ಇಳಿದಿರ್ತದೆ, ಮತ್ತೆ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ನಾಡದೋಣಿಗೂ ಆ ಕಡಲಲ್ಲಿ ದೂರ ಹೋಗುವ ಹಾಗಿಲ್ಲ. ಆ ತಿಂಗಳುಗಳಿಗೆ ಅಂತ ಒಂದು ಬಕೆಟ್ ಕೃತಕ ಉಪ್ಪು ಇಟ್ಟುಕೊಂಡಿದ್ದೇನೆ, ಲೀಟರಿಗೆ 35 ಗ್ರಾಂ ಲೆಕ್ಕ. ತಂದ ನೀರನ್ನು ಹಾಗೇ ಹೊಯ್ಲಿಲ್ಲ, ಬಟ್ಟೆಯಲ್ಲಿ ಸೋಸಿ, ಬ್ಲೀಚ್ ಹಾಕಿ ಒಂದು ದಿನ ಬಿಟ್ಟು, ಲ್ಯಾಬಲ್ಲಿ ನಾವು ಹೈಪೋ ಅನ್ನುವ ಸೋಡಿಯಂ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ತೆಗೆದು, ಗಾಳಿ ಪಂಪಲ್ಲಿ ಎರಡು ದಿನ ಗುಳ್ಳೆ ಬಿಟ್ಟು, ಕ್ಲೋರಿನ್ ಸೊನ್ನೆ ಅಂತ ಟೆಸ್ಟ್ ಮಾಡಿದ ಮೇಲೆ ಹಾಕಿದ್ದು. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಲ್ಲಿ ಸಾವಿರಕ್ಕೆ 34 ತೋರಿಸ್ತು, ಒಳ್ಳೇದೇ. ಆವಿಯಾಗುವ ನೀರಿಗೆ ದಿನಾ 5 ಲೀಟರ್ ಹತ್ರ ಸಿಹಿ ನೀರು ತುಂಬಿಸ್ಬೇಕು, ಅದಕ್ಕೆ ಆರ್‌ಒ ನೀರೇ ಬೇಕು. ಹಿತ್ತಾಳೆ ನಲ್ಲಿಯಿಂದ ಹಿಡಿದ ನೀರು ಹಾಕ್ಬೇಡಿ, ತಾಮ್ರ ಒಂಚೂರು ಹೋದ್ರೂ ಸಿಗಡಿ, ಬಸವನಹುಳ, ಹವಳ ಯಾವುದೂ ಉಳಿಯುದಿಲ್ಲ.

ನೀರು ತುಂಬಿದ ದಿನ ಎಲ್ಲರೂ ಮೀನು ಎಲ್ಲಿ ಅಂತ ಕೇಳಿದ್ರು. ಮೀನು ಇಲ್ಲ, ಒಂದು ಹಸಿ ಸಿಗಡಿಯನ್ನು ಹಳೇ ಸಾಕ್ಸಲ್ಲಿ ಕಟ್ಟಿ ಇಳಿಸಿದೆ. ಅದು ಕೊಳೆತು ಅಮೋನಿಯಾ ಬರ್ತದೆ, ಅದನ್ನು ತಿನ್ಲಿಕ್ಕೆ ಬ್ಯಾಕ್ಟೀರಿಯಾ ಬರ್ತದೆ. ಜೊತೆಗೆ ಮಂಗಳೂರಿನ ಹವ್ಯಾಸಿಯೊಬ್ರು ಅವ್ರ ಟ್ಯಾಂಕಿನ ಒಂದು ಮುಷ್ಟಿ ಕಲ್ಲಿನ ಚೂರು ಕೊಟ್ರು, ಹೆಪ್ಪು ಹಾಕಿದ ಹಾಗೆ. ಅಮೋನಿಯಾ ಏರಿ ಇಳಿದು, ನೈಟ್ರೈಟ್ ಏರಿ ಇಳಿದು, ಎರಡೂ ಸೊನ್ನೆ ಆಗ್ಲಿಕ್ಕೆ 38 ದಿನ. ಆಮೇಲೆ ಗಾಜಿಗೆಲ್ಲ ಡಯಾಟಂ ಅನ್ನುವ ಕಂದು ಪಾಚಿ, ಅದು ಹೋದ ಮೇಲೆ ಹಸಿರು ಕೂದಲಿನ ಪಾಚಿ, ನಾಲ್ಕು ತಿಂಗಳು ನೋಡ್ಲಿಕ್ಕೆ ಆಗದ ಹಾಗಿತ್ತು. ಪಾಚಿ ಸಾಯಿಸುವ ಔಷಧಿ ಯಾವುದೂ ಹಾಕ್ಲಿಲ್ಲ. ಸಂಪಿನ ನಡುವಿನ ಕೋಣೆಯಲ್ಲಿ ಕೀಟೋಮಾರ್ಫಾ ಅನ್ನುವ ತಂತಿಯ ಉಂಡೆಯ ಹಾಗಿರುವ ಪಾಚಿ ಬೆಳೆಸಿದೆ, ಮೇಲೆ 20 ವಾಟಿನ ಅಂಗಳದ ಫ್ಲಡ್ ಲೈಟ್, ಮೇಲಿನ ಟ್ಯಾಂಕಿನ ಲೈಟ್ ಆರಿದಾಗ ಇದು ಉರಿತದೆ. ಗೊಬ್ಬರ ಎಲ್ಲ ಅದು ತಿಂದ್ರೆ ಮೇಲಿನ ಪಾಚಿಗೆ ಉಪವಾಸ. ಈಗ ತಿಂಗಳಿಗೆ ಒಂದು ಬೊಗಸೆ ಕಿತ್ತು ತೆಂಗಿನ ಬುಡಕ್ಕೆ ಹಾಕ್ತೇನೆ, ತೆಂಗಿಗೆ ಉಪ್ಪಿನ ಹೆದರಿಕೆ ಇಲ್ಲ.

ಒಂದು ರಾತ್ರಿ ಎರಡು ಗಂಟೆಗೆ ಅಮ್ಮ ಕೂಗಿದ್ರು, ನೆಲದಲ್ಲಿ ನೀರು ಅಂತ. ಕರೆಂಟ್ ಹೋಗಿತ್ತು. ಪಂಪ್ ನಿಂತಾಗ ಮೇಲಿನ ನೀರು ಅದೇ ಪೈಪಲ್ಲಿ ವಾಪಸ್ ಕೆಳಗೆ ಎಳೆದುಕೊಂಡು ಬರ್ತದೆ, ಅದನ್ನು ತಡಿಲಿಕ್ಕೆ ಪೈಪಿಗೆ ನೀರಿನ ಮಟ್ಟದ ಹತ್ರ ಒಂದು ಸಣ್ಣ ತೂತು ಇಟ್ಟಿದ್ದೆ, ಗಾಳಿ ಹೊಕ್ಕಿ ಎಳೆತ ನಿಲ್ಲಲಿ ಅಂತ. ಟಾರ್ಚ್ ಹಾಕಿ ನೋಡ್ತೇನೆ, ಆ ತೂತಿಗೆ ಸರಿಯಾಗಿ ಒಂದು ಕಡಲೆ ಕಾಳಿನಷ್ಟು ದೊಡ್ಡ ಬಸವನಹುಳ ಅಂಟಿ ಕೂತಿದೆ. ನಲವತ್ತು ಲೀಟರ್ ಉಪ್ಪು ನೀರು ಅಜ್ಜನ ಕಾಲದ ಕೆಂಪು ನೆಲದ ಮೇಲೆ. ಬೆಳಿಗ್ಗೆ ತನಕ ಒರೆಸಿದ್ದು. ಮಾರನೇ ದಿನ ಒಂದು ತೂತಿನ ಬದ್ಲು ಮೂರು ತೂತು ಕೊರೆದೆ, ಪೈಪಿನ ಬಾಯಿಯನ್ನೂ ನೀರಿನ ಮೇಲ್ಮಟ್ಟಕ್ಕೆ ಎತ್ತಿದೆ, ಆಮೇಲೆ ಬೇಕಂತ್ಲೇ ಹತ್ತು ಸಲ ಪ್ಲಗ್ ಕಿತ್ತು ನೋಡಿದೆ. ಟ್ಯಾಂಕ್ ಕಟ್ಟುವವ್ರು ಮೊದ್ಲ ದಿನವೇ ಪ್ಲಗ್ ಕಿತ್ತು ಎಷ್ಟು ನೀರು ಕೆಳಗೆ ಬರ್ತದೆ ಅಂತ ಅಳೆದು ಸಂಪಲ್ಲಿ ಅಷ್ಟು ಜಾಗ ಖಾಲಿ ಇಡಿ.

ಆದ್ರೆ ನನಗೆ ನಿಜವಾಗಿ ಹೊಟ್ಟೆ ಉರಿದದ್ದು 2024ರ ಎಪ್ರಿಲ್ ಮೇಯಲ್ಲಿ. ನೀರು 26, 27 ಡಿಗ್ರಿ ಇದ್ರೆ ಚಂದ. ನೀರು ತಂಪು ಮಾಡುವ ಚಿಲ್ಲರ್ ತಗೊಳ್ಲಿಕ್ಕೆ ದುಡ್ಡಿಲ್ಲ, ಎರಡು ಸಣ್ಣ ಫ್ಯಾನ್ ನೀರಿನ ಮೇಲೆ ಗಾಳಿ ಬೀಸುವ ಹಾಗೆ ಇಟ್ಟಿದ್ದೆ, ಫೆಬ್ರವರಿಯಲ್ಲಿ ಎರಡು ಡಿಗ್ರಿ ಇಳಿಸ್ತಿತ್ತು. ಮೇಯಲ್ಲಿ ನಮ್ಮ ಊರಿನ ಗಾಳಿಯೇ ಒದ್ದೆ, ಆವಿ ಆಗುದೇ ಇಲ್ಲ, ಫ್ಯಾನ್ ತಿರುಗಿದ್ರೂ ಮೀಟರ್ 31.4. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರ್ತದೆ, ಬೆಳಕಿನಿಂದ ಅನ್ನ ಮಾಡಿ ಹವಳಕ್ಕೆ ಊಟ ಹಾಕುದು ಅದೇ. ಬಿಸಿ ಜಾಸ್ತಿ ದಿನ ನಿಂತ್ರೆ ಹವಳ ಅದನ್ನು ಹೊರಗೆ ಹಾಕಿ ಬೆಳ್ಳಗಾಗ್ತದೆ. ನನ್ನ ಕ್ಸೀನಿಯಾ ಹವಳ, ಕೈ ಮುಚ್ಚಿ ತೆರೆದು ಮಾಡುವಂಥದ್ದು, ಮೂರೇ ದಿನದಲ್ಲಿ ಲೋಳೆಯಾಗಿ ಕರಗಿ ಹೋಯ್ತು. ಲೈಟನ್ನು ರಾತ್ರಿ 8ರಿಂದ 2ಕ್ಕೆ ಮಾಡಿದೆ, ನೀರಿನ ಬಾಟಲಿಯಲ್ಲಿ ಐಸ್ ಮಾಡಿ ಎರಡು ಗಂಟೆಗೊಮ್ಮೆ ಸಂಪಿಗೆ ಇಳಿಸಿದೆ, ಹೆಂಡತಿ ಹಗಲು, ನಾನು ರಾತ್ರಿ. ಅದೇ ಎಪ್ರಿಲಲ್ಲಿ ಪ್ರಪಂಚದ ಹವಳಕ್ಕೆಲ್ಲ ನಾಲ್ಕನೇ ಸಲ ಜಾಗತಿಕ ಬಿಳಿಚುವಿಕೆ ಬಂದಿದೆ ಅಂತ ಅಧಿಕೃತವಾಗಿ ಹೇಳಿದ್ರು, ನಮ್ಮ ಲಕ್ಷದ್ವೀಪದಲ್ಲೂ ಹವಳ ಬೆಳ್ಳಗಾದ ಸುದ್ದಿ ಮೇಯಲ್ಲಿ ಬಂತು. ನನ್ನ 560 ಲೀಟರಿಗೆ ಐಸ್ ಬಾಟಲಿ ಹಿಡ್ಕೊಂಡು ಇಬ್ರು ಕೂತಿದ್ದೆವು. ಅಲ್ಲಿ ಯಾರು ಐಸ್ ಇಡುದು ಅಂತ ಆ ರಾತ್ರಿಗಳಲ್ಲಿ ತುಂಬಾ ಸಲ ಅನ್ನಿಸಿತ್ತು, ಈಗ್ಲೂ ಅನ್ನಿಸ್ತದೆ.

ಆ ಬಿಸಿಗೆ ಲೆದರ್ ಕೋರಲ್ ಕೂಡ ಮುಚ್ಚಿಕೊಂಡಿತ್ತು. ದೊಡ್ಡ ಅಣಬೆಯ ಹಾಗಿರುವ ಹವಳ, ಚರ್ಮದ ಬಣ್ಣ. ಹತ್ತು ಹನ್ನೆರಡು ದಿನ ಮೇಲೆ ಮೇಣ ಹಚ್ಚಿದ ಹಾಗೆ ಒಂದು ಪೊರೆ, ಹವಳದ ಮೈಮೇಲೆ ಸಣ್ಣ ಹೂವಿನ ಹಾಗೆ ಅರಳುವ ಪಾಲಿಪ್ ಒಂದೂ ಹೊರಗಿಲ್ಲ. ಸತ್ತಿತು ಅಂತ ತೆಗಿಲಿಕ್ಕೆ ಹೊರಟವನು ಮೂಸಿ ನೋಡಿದೆ, ಕೊಳೆತ ವಾಸನೆ ಇಲ್ಲ, ಬಿಟ್ಟೆ. ಮೊದ್ಲ ಮಳೆ ಬಿದ್ದು ನೀರು 28ಕ್ಕೆ ಇಳಿದ ಮೇಲೆ ಒಂದು ಬೆಳಿಗ್ಗೆ ಆ ಪೊರೆ ಹಾವಿನ ಪೊರೆಯ ಹಾಗೆ ಸುಲಿದು ಅಲೆಗೆ ಹೋಗ್ತಾ ಇತ್ತು, ಕೆಳಗಿಂದ ಸಣ್ಣ ಸಣ್ಣ ಪಾಲಿಪ್ ಒಂದೊಂದೇ ಎದ್ದು, ಸಂಜೆ ಹೊತ್ತಿಗೆ ಕಡುಬಿನ ಮೇಲೆ ತುಂಬೆ ಹೂ ಚೆಲ್ಲಿದ ಹಾಗೆ ಪೂರ್ತಿ ಅರಳಿತ್ತು. ಅಮ್ಮ ಅದ್ರ ಎದುರು ಕುರ್ಚಿ ಹಾಕ್ಕೊಂಡು ಕೂತದ್ದು ದೀಪ ಹಚ್ಚುವ ಹೊತ್ತಾದ್ರೂ ಏಳ್ಲಿಲ್ಲ.

ಒಂದು ಎಚ್ಚರಿಕೆ ಹೇಳ್ಲೇಬೇಕು. ಝೋವಾಂತಸ್ ಅಂತ ಹವಳದ ಸಂಬಂಧಿ ಒಂದು, ಬಣ್ಣ ಬಣ್ಣದ ಅಂಗಿ ಗುಂಡಿಯ ಹಾಗಿರುವುದು, ಸಿಗುತ್ತೆ, ಕಡಿಮೆ ರೇಟು, ಬೆಳೆಯುವುದೂ ಸುಲಭ. ಆದ್ರೆ ಆ ಜಾತಿಯ ಕೆಲವದ್ರಲ್ಲಿ ಪಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರ್ತದೆ. ಕತ್ತರಿಸುವಾಗ ಗ್ಲೌಸ್, ಕನ್ನಡಕ ಎರಡೂ ಹಾಕಿ, ಅದು ಬೆಳೆದ ಕಲ್ಲನ್ನು ಯಾವ ಕಾರಣಕ್ಕೂ ಬಿಸಿ ನೀರಲ್ಲಿ ಕುದಿಸ್ಬೇಡಿ, ಹಬೆ ಒಳಗೆ ಎಳೆದುಕೊಂಡ್ರೆ ಆಸ್ಪತ್ರೆಯೇ ಗತಿ. ಮಕ್ಕಳಿರುವ ಮನೆಯಲ್ಲಿ ಇನ್ನೂ ಜಾಗ್ರತೆ.

ಮೀನು ನನ್ನ ಟ್ಯಾಂಕಲ್ಲಿ ಐದೇ. ಅದ್ರಲ್ಲಿ ಕ್ಲೌನ್ ಫಿಶ್ ಜೋಡಿ ನಮ್ಮ ಮನೆಯವ್ರೇ ಆಗಿ ಹೋಗಿದೆ. ನಮ್ಮ ದೇಶದಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದ್ರೆ ಸಿಎಂಎಫ್‌ಆರ್‌ಐಯವ್ರು ಇವುಗಳನ್ನು ಮರಿ ಮಾಡಿಸುವ ವಿಧಾನ ಬೆಳೆಸಿದ ಮೇಲೆ ಸಾಕಿ ಬೆಳೆಸಿದ ಮರಿ ಸಿಗ್ತದೆ, ಸಮುದ್ರದಿಂದ ಹಿಡಿದದ್ದು ಬೇಕಿಲ್ಲ. ತಂದಾಗ ನೇರ ಟ್ಯಾಂಕಿಗೆ ಬಿಡ್ಲಿಲ್ಲ, ಬಿಳಿ ಚುಕ್ಕೆ ರೋಗದ ಹುಳ ಮೀನಿನ ಮೈಯಿಂದ ಉದುರಿ ತಳದಲ್ಲಿ ಮೊಟ್ಟೆಯ ಹಾಗೆ ಕೂರ್ತದೆ, ಅದು ಒಡೆಯುವ ಮೊದ್ಲೇ ಮೀನನ್ನು ಬೇರೆ ನೀರಿಗೆ ಹಾಕಿದ್ರೆ ಆಯ್ತು. ಎರಡು ಪ್ಲಾಸ್ಟಿಕ್ ಟಬ್ ಇಟ್ಟು ಮೂರು ದಿನಕ್ಕೊಮ್ಮೆ ಒಂದರಿಂದ ಇನ್ನೊಂದಕ್ಕೆ, ಪ್ರತಿ ಸಲ ಖಾಲಿ ಟಬ್ ತೊಳೆದು ಬಿಸಿಲಲ್ಲಿ ಒಣಗಿಸಿ, ಹೀಗೆ ನಾಲ್ಕು ಸಲ. ಔಷಧಿ ಖರ್ಚಿಲ್ಲ. ಕ್ಲೌನ್ ಹುಟ್ಟುವಾಗ ಎಲ್ಲ ಗಂಡೇ, ಜೋಡಿಯಲ್ಲಿ ಜೋರು ಇರುವುದು ಹೆಣ್ಣಾಗ್ತದೆ. ನಮ್ಮದ್ರಲ್ಲಿ ದೊಡ್ಡದು ಈಗ ಹೆಣ್ಣು, ಸಣ್ಣದ್ರ ಎರಡು ಪಟ್ಟು ಉಂಟು. ಎರಡೂ ಆ ಲೆದರ್ ಕೋರಲಿನ ಮೇಲೆಯೇ ಮಲಗುದು.

ಹೋದ ತಿಂಗಳು ಅವು ಕೋರಲಿನ ಬುಡದ ಕಲ್ಲನ್ನು ಬಾಯಲ್ಲಿ ಉಜ್ಜಿ ಉಜ್ಜಿ ಕ್ಲೀನ್ ಮಾಡ್ಲಿಕ್ಕೆ ಶುರು ಮಾಡಿದ್ವು. ಲಕ್ಷಣ ಗೊತ್ತಾಗಿ ಮಾಡಿನಿಂದ ಬಿದ್ದ ಹಳೇ ಹಂಚಿನ ಚೂರೊಂದನ್ನು ಚೆನ್ನಾಗಿ ತೊಳೆದು ಕುದಿಸಿ ಅಲ್ಲಿ ಒರಗಿಸಿ ಇಟ್ಟೆ, ಬೇಕಾದಾಗ ಎತ್ತಿ ತೆಗಿಲಿಕ್ಕೆ ಆಗ್ಬೇಕಲ್ಲ. ಮೊದ್ಲ ಸಲದ ಮೊಟ್ಟೆ ಅವೇ ತಿಂದು ಬಿಟ್ವು. ಈಗ ಎರಡನೇ ಸಲ, ಆ ಹಂಚಿನ ಮೇಲೆಯೇ ಇಟ್ಟಿವೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕಿತ್ತಳೆ ಬಣ್ಣದ ಸಾಲು. ಗಂಡು ದಿನ ಇಡೀ ರೆಕ್ಕೆಯಲ್ಲಿ ಗಾಳಿ ಬೀಸಿದ ಹಾಗೆ ನೀರು ಬೀಸ್ತಾ ಉಂಟು, ನಾನು ಕೈ ಹಾಕಿದ್ರೆ ಕಚ್ಚಲಿಕ್ಕೆ ಬರ್ತದೆ. ಮರಿಗೆ ತಿನ್ಲಿಕ್ಕೆ ರೋಟಿಫರ್ ಅನ್ನುವ ತೀರಾ ಸಣ್ಣ ನೀರಿನ ಜೀವಿ ಬೇಕು, ಅಡುಗೆ ಮನೆಯ ಕಿಟಕಿಯಲ್ಲಿ ಆರು ಸೋಡಾ ಬಾಟಲಿಯಲ್ಲಿ ಹಸಿರು ನೀರು ಮಾಡಿ ಬೆಳೆಸ್ತಾ ಇದ್ದೇನೆ. ಇವತ್ತಿಗೆ ಆರನೇ ದಿನ, ಮೊಟ್ಟೆಯೊಳಗೆ ಕಣ್ಣು ಕಾಣ್ತದೆ, ಬೆಳ್ಳಿಯ ಹಾಗೆ ಹೊಳಿಲಿಕ್ಕೆ ಶುರುವಾಗಿದೆ. ಮರಿ ಬರುವುದು ಕತ್ತಲಾದ ಮೇಲೆ. ನಾಡಿದ್ದು ರಾತ್ರಿ ಲೈಟ್ ಬೇಗ ಆರಿಸ್ಬೇಕು, ಅಮ್ಮ ಈಗಾಗ್ಲೇ ನನ್ನನ್ನೂ ಎಬ್ಬಿಸು ಅಂತ ಹೇಳಿ ಇಟ್ಟಿದ್ದಾರೆ.